ಏಳು ವರ್ಷದ ಅಸೆಂಬಲ್ ಪಿಸಿ: ಅಳಿಸಿಹೋದ ನಾಲ್ಕು ಅಕ್ಷರ, ಅವ್ವ ಹಿಡಿದ ಐದು ಸ್ವರ

2018ರ ದಸರಾ ಮುಗಿದ ಮೇಲೆ ವಿಜಯಪುರದ ಒಂದು ಅಂಗಡಿಯಲ್ಲಿ ಈ ಕಂಪ್ಯೂಟರ್ ಅಸೆಂಬಲ್ ಮಾಡಿಸಿದೆ. ಕೋರ್ ಐ3 8100 ಪ್ರೊಸೆಸರ್, ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಏಳು ವರ್ಷ ದಾಟಿತು, ಇನ್ನೂ ದಿನಾ ಓಡುತ್ತಿದೆ. ಸ್ಪೀಡ್ ಎಷ್ಟು, ಫ್ರೇಮ್ ಎಷ್ಟು ಅಂತ ಬರೆದವರು ಬೇಕಾದಷ್ಟು ಜನ ಇದ್ದಾರೆ. ಒಂದೇ ಡಬ್ಬಿಯಲ್ಲಿ ಎರಡು ಜಾತಿಯ ಆಟ ಆಡಿದರೆ ಮನೆ ಹೇಗೆ ಬದಲಾಗುತ್ತದೆ ಅನ್ನೋದನ್ನು ನಾನು ಬರೆಯುತ್ತೇನೆ.

ಮೊದಲು ಕೀಬೋರ್ಡ್ ನೋಡಿ. ಡಬ್ಲ್ಯೂ, ಎ, ಎಸ್, ಡಿ, ಈ ನಾಲ್ಕು ಕೀಗಳ ಅಕ್ಷರ ಪೂರ್ತಿ ಅಳಿಸಿವೆ. ಡಬ್ಲ್ಯೂ ಕೀ ನಡುವೆ ಬೆರಳಿಗೆ ಹತ್ತುವಷ್ಟು ತಗ್ಗು ಬಿದ್ದಿದೆ. ಅದು ಕೌಂಟರ್-ಸ್ಟ್ರೈಕ್ ಅನ್ನೋ ಬಂದೂಕಿನ ಆಟ ಮಾಡಿದ ಕೆಲಸ, ಅದರಲ್ಲಿ ಓಡಾಡೋದು ಈ ನಾಲ್ಕು ಕೀಗಳಿಂದಲೇ. ನಾನು ಕಾಲೇಜಿನಲ್ಲಿದ್ದಾಗ ಸೈಬರ್ ಕೆಫೆಯಲ್ಲಿ ತಾಸಿಗೆ 20 ರೂಪಾಯಿ ಕೊಟ್ಟು ಅದರ ಹಳೆ 1.6 ಆವೃತ್ತಿ ಆಡಿದವನು. ಈ ಪಿಸಿ ಕೊಂಡದ್ದೇ ಅದಕ್ಕೆ. 2018ರ ಡಿಸೆಂಬರ್‌ನಲ್ಲಿ ಅದರ ಹೊಸ ರೂಪ ಕೌಂಟರ್-ಸ್ಟ್ರೈಕ್ ಗ್ಲೋಬಲ್ ಅಫೆನ್ಸಿವ್ ಪುಕ್ಕಟೆ ಆಯಿತು, ನಮಗೆ ಹಬ್ಬ. ರವಿವಾರ ಮೂವರು ಗೆಳೆಯರು ಲ್ಯಾಪ್‌ಟಾಪ್ ಹೊತ್ತು ಬರುತ್ತಿದ್ದರು. "ಹಿಂದ ನೋಡೋ, ಹಿಂದ!" ಅಂತ ಕೂಗಿದರೆ ಓಣಿಯ ಕೊನೆ ಮನೆಗೂ ಕೇಳುತ್ತಿತ್ತು. ಅವ್ವ ಚುರಮುರಿ ಇಟ್ಟು ಬಾಗಿಲು ಹಾಕಿಕೊಂಡು ಹೋಗುತ್ತಿದ್ದಳು.

ಈ ಗದ್ದಲದ ಬೇರು ಎಲ್ಲಿದೆ ಗೊತ್ತಾ? 1993ರ ಡಿಸೆಂಬರ್‌ನಲ್ಲಿ ಬಂದ ಡೂಮ್ ಅನ್ನೋ ಬಂದೂಕಿನ ಆಟದಲ್ಲಿ. ಅದನ್ನು ಮಾಡಿದ ಐಡಿ ಸಾಫ್ಟ್‌ವೇರ್ ಕಂಪನಿ ಅದರ ಮೊದಲ ಭಾಗವನ್ನು ಪುಕ್ಕಟೆ ಬಿಟ್ಟು, ಯಾರು ಬೇಕಾದರೂ ಕಾಪಿ ಮಾಡಿ ಹಂಚಿ ಅಂದಿತು. ನಾಲ್ಕು ಜನ ನೆಟ್‌ವರ್ಕ್ ಮೇಲೆ ಒಬ್ಬರನ್ನೊಬ್ಬರು ಹೊಡೆಯಬಹುದಿತ್ತು. 'ಡೆತ್‌ಮ್ಯಾಚ್' ಅನ್ನೋ ಮಾತು ಜನರ ಬಾಯಿಗೆ ಬಂದದ್ದು ಆಗಲೇ. ನೆಟ್‌ವರ್ಕ್ ಜಾಮ್ ಆಗುತ್ತದೆ ಅಂತ ಎಷ್ಟೋ ಕಾಲೇಜು, ಆಫೀಸುಗಳು ಅದನ್ನು ಬಂದ್ ಮಾಡಿದವು. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಆಟದ ನಕ್ಷೆ, ಚಿತ್ರ, ಸದ್ದುಗಳನ್ನು ಬೇರೆ ಫೈಲಿನಲ್ಲಿ ಇಟ್ಟಿದ್ದರಿಂದ ಆಡುವವರೇ ಹೊಸ ಮಟ್ಟಗಳನ್ನು ಕಟ್ಟತೊಡಗಿದರು. ಆ ರೂಢಿ ಬೆಳೆಯುತ್ತಾ ಬಂತು. 1999ರಲ್ಲಿ ಇಬ್ಬರು ಹುಡುಗರು ಹಾಫ್-ಲೈಫ್ ಆಟವನ್ನು ಬದಲಿಸಿ ಮಾಡಿದ್ದೇ ಕೌಂಟರ್-ಸ್ಟ್ರೈಕ್. ಅಂದರೆ ನಮ್ಮ ರವಿವಾರದ ಆಟ ಹುಟ್ಟಿದ್ದು ಆಟಗಾರರ ಕೈಯಿಂದಲೇ.

ಅದೇ 1993ರ ಸೆಪ್ಟೆಂಬರ್‌ನಲ್ಲಿ ಮಿಸ್ಟ್ ಬಂದಿತ್ತು. ರ‍್ಯಾಂಡ್ ಮಿಲ್ಲರ್, ರಾಬಿನ್ ಮಿಲ್ಲರ್ ಅನ್ನೋ ಅಣ್ಣತಮ್ಮಂದಿರು ಮಾಡಿದ ಆಟ. ಬಂದೂಕಿಲ್ಲ, ಟೈಮ್ ಇಲ್ಲ, ಸಾಯುವ ಭಯವಿಲ್ಲ. ಖಾಲಿ ದ್ವೀಪ, ಒಂದಷ್ಟು ಪುಸ್ತಕ, ಒಂದಷ್ಟು ಯಂತ್ರ. ಪೆಟ್ಟಿಗೆಯಲ್ಲಿ ಸಿಡಿ ಜೊತೆ ಬರೆದುಕೊಳ್ಳಲು ಒಂದು ಖಾಲಿ ಪುಸ್ತಕವನ್ನೂ ಕೊಡುತ್ತಿದ್ದರು. 2002ರಲ್ಲಿ ದ ಸಿಮ್ಸ್ ಅನ್ನೋ ಇನ್ನೊಂದು ಆಟ ದಾಟುವ ತನಕ ಪಿಸಿಯಲ್ಲಿ ಅತಿ ಹೆಚ್ಚು ಮಾರಾಟವಾದ ಆಟ ಇದೇ.

ನಾನು ಆಡಿದ್ದು ಅದರ 2014ರ ರೂಪ, ರಿಯಲ್‌ಮಿಸ್ಟ್. 2019ರ ಮೇ ತಿಂಗಳು. ಬಿಸಿಲಿಗೆ ಯಾರೂ ಹೊರಗೆ ಕಾಲಿಡುತ್ತಿರಲಿಲ್ಲ, ಗೆಳೆಯರೂ ಬರಲಿಲ್ಲ. ಕೂಲರ್ ಮುಂದೆ ಕೂತು ಸುಮ್ನೆ ಶುರು ಮಾಡಿದೆ. (ಆಡದವರು ಮುಂದಿನ ಪ್ಯಾರಾ ಬಿಟ್ಟು ಓದಿ, ಒಗಟು ಬಯಲಾಗುತ್ತದೆ.)

ಅಲ್ಲೊಂದು ರಾಕೆಟ್ ಇದೆ. ಅದಕ್ಕೆ ಸರಿಯಾಗಿ 59 ವೋಲ್ಟ್ ಕರೆಂಟ್ ಕೊಡಬೇಕು, ಮೀರಿದರೆ ಬ್ರೇಕರ್ ಹಾರುತ್ತದೆ. ಒಳಗೆ ಒಂದು ತುದಿಗೆ ಆರ್ಗನ್, ಇನ್ನೊಂದು ತುದಿಗೆ ಐದು ಸ್ಲೈಡರ್. ಆರ್ಗನ್ ಮೇಲೆ ಐದು ಸ್ವರ ನುಡಿಸಿ, ಅವನ್ನು ಕಿವಿಯಲ್ಲಿ ಹಿಡಿದುಕೊಂಡು ಬಂದು ಸ್ಲೈಡರ್‌ನಲ್ಲಿ ಅದೇ ಸ್ವರ ಕೂಡಿಸಬೇಕು. ನನಗೆ ಎರಡು ದಿನ ಆಗಲಿಲ್ಲ. ಅವ್ವ ಪಕ್ಕದಲ್ಲಿ ಶೇಂಗಾ ಸುಲಿಯುತ್ತಾ ಕೂತಿದ್ದಳು. ಭಜನಾ ಮಂಡಳಿಯಲ್ಲಿ ಇಪ್ಪತ್ತು ವರ್ಷ ಹಾಡಿದವಳು. ಮೂರನೇ ಸ್ಲೈಡರ್ ಸರಿಸುವಾಗ, "ಇಲ್ಲೋ ತಮ್ಮಾ, ಅದು ಇನ್ನೊಂದೀಟು ಏರಬೇಕು. ಪೇಟಿ ಕೇಳಿಲ್ಲೇನ ನೀ?" ಅಂದಳು. ಏರಿಸಿದೆ. "ಹಾಂ, ಈಗ ಬಂತು." ಆಮೇಲೆ ಅವಳು ಬಾಯಲ್ಲಿ ಸ್ವರ ಹಿಡಿದಳು, ನಾನು ಮೌಸ್ ಹಿಡಿದೆ. ಐದೂ ಕೂಡಿದವು. ಅವ್ವನ ಕೈ ಶೇಂಗಾ ಬುಟ್ಟಿಯಲ್ಲೇ ನಿಂತಿತ್ತು. ಬಾಗಿಲು ಹಾಕಿಕೊಂಡು ಹೋಗುತ್ತಿದ್ದವಳು ಮರುದಿನ ಮಧ್ಯಾಹ್ನ, "ಆ ದ್ವೀಪ ಹಚ್ಚೋ" ಅಂತ ತಾನೇ ಕೇಳಿದಳು.

ಗೇಮಿಂಗ್ ಅಂದರೆ ಹುಡುಗರ ಕೂಗಾಟ ಅಂತ ನಾನೂ ನಂಬಿದ್ದೆ. ಅದು ಅರ್ಧ ಮಾತ್ರ ನಿಜ. ಡೂಮ್ ದಾರಿಯ ಆಟ ಓಣಿಯ ಗೆಳೆಯರನ್ನು ಕೂಡಿಸಿತು, ನಮಗೆ ಪಿಂಗ್, ಲ್ಯಾಗ್, ಕ್ಯಾಂಪಿಂಗ್ ಅಂತ ಒಂದು ಭಾಷೆಯನ್ನೇ ಕೊಟ್ಟಿತು. ಮಿಸ್ಟ್ ದಾರಿಯ ಆಟ ಮನೆಯವರನ್ನು ಕರೆತಂದು ಕೂರಿಸಿತು. ನನಗೆ ಎರಡೂ ಬೇಕು. ಆದರೆ ಈ ಪಿಸಿಗೆ ಮನೆಯಲ್ಲಿ ಮರ್ಯಾದೆ ಸಿಕ್ಕಿದ್ದು ಎರಡನೆಯದರಿಂದ.

ಎರಡೂ ದಾರಿ ಕೂಡಿದ್ದು ಬ್ಲಾಕ್ ಜೋಡಿಸಿ ಕಟ್ಟುವ ಮೈನ್‌ಕ್ರಾಫ್ಟ್ ಆಟದಲ್ಲಿ ಅನ್ನಿಸುತ್ತದೆ. ಸುಮ್ಮನೆ ಕಟ್ಟಬಹುದು, ಬೇಕಾದರೆ ಬಡಿದಾಡಬಹುದು, ಆಟವನ್ನೇ ಬದಲಿಸಲೂಬಹುದು. 2023ರ ಹೊತ್ತಿಗೆ 30 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ಅಕ್ಕನ ಮಗಳು ಸೂಟಿಗೆ ಬಂದಾಗಲೆಲ್ಲ ಅದರಲ್ಲೇ ಇರುತ್ತಾಳೆ, ಗೋಳಗುಮ್ಮಟ ಕಟ್ಟುತ್ತಿದ್ದಾಳೆ. ಆ ಆಟದಲ್ಲಿ ಒಂದು ಬ್ಲಾಕ್ ಅಂದರೆ ಒಂದು ಮೀಟರ್. ಗುಮ್ಮಟದ ಹೊರಗಿನ ಅಡ್ಡಳತೆ ಸುಮಾರು 44 ಮೀಟರ್, ಹಾಗಾಗಿ 44 ಬ್ಲಾಕ್. "ಮಾಮಾ, ಗುಂಡಗ ಆಗವಲ್ದು" ಅಂತ ಮೊದಲ ದಿನ ಅತ್ತೇಬಿಟ್ಟಳು. ಆಮೇಲೆ ಗಣಿತದ ಚೌಕಳಿ ವಹಿಯಲ್ಲಿ ಒಂದೊಂದು ಸುತ್ತಿಗೆ ಒಂದೊಂದು ಪುಟ ಬಣ್ಣ ತುಂಬಿ, ಅದನ್ನು ನೋಡಿಕೊಂಡು ಬ್ಲಾಕ್ ಇಟ್ಟಳು. ಈಗ ದೂರದಿಂದ ನೋಡಿದರೆ ಗುಂಡಗೇ ಕಾಣುತ್ತದೆ!

ಇನ್ನು ಯಂತ್ರದ ಮಾತು. 2021ರ ಮಾರ್ಚ್‌ನಲ್ಲಿ ವೋಲ್ಟೇಜ್ ಏರಿಳಿದು ಎಸ್‌ಎಂಪಿಎಸ್, ಅಂದರೆ ಒಳಗಿನ ಪಾರ್ಟುಗಳಿಗೆ ಕರೆಂಟ್ ಹಂಚುವ ಡಬ್ಬಿ, ಸುಟ್ಟಿತು. ಅಂಗಡಿಯವರು ಅಗ್ಗದ್ದನ್ನೇ ಹಾಕಿದ್ದರು, ನಾನೂ ಕೇಳಿರಲಿಲ್ಲ. ದೇವರ ದಯೆ, ಬೇರೆ ಯಾವ ಪಾರ್ಟೂ ಹೋಗಲಿಲ್ಲ. ಆ ವರ್ಷವೇ ಹಾರ್ಡ್ ಡಿಸ್ಕ್‌ಗಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ ರ‍್ಯಾಮ್ 16 ಜಿಬಿ ಮಾಡಿದೆ, ಪಿಸಿ ಹೊಸದಾದಂತಾಯಿತು. ನಮ್ಮ ಕಡೆ ಧೂಳು ಜಾಸ್ತಿ, ಅದಕ್ಕೆ ಮೂರು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಲೇಬೇಕು. ಬಿಟ್ಟರೆ ಫ್ಯಾನ್ ಗಿರಣಿ ಥರ ಸದ್ದು ಮಾಡುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಕೌಂಟರ್-ಸ್ಟ್ರೈಕ್ 2 ಬಂದ ಮೇಲೆ ಈ ಹಳೆ ಕಾರ್ಡ್‌ನಲ್ಲಿ ಸೆಟ್ಟಿಂಗ್ ಎಲ್ಲ ಇಳಿಸಿ ಆಡುತ್ತಿದ್ದೇನೆ. ಓಡಿ ಹೊಡೆಯುವ ಆಟಕ್ಕೆ ಪ್ರತಿ ನಾಲ್ಕೈದು ವರ್ಷಕ್ಕೆ ಹೊಸ ಕಾರ್ಡ್ ಬೇಕಾಗುತ್ತದೆ, ನಿಧಾನದ ಆಟ ಹಳೆಯದರಲ್ಲೂ ಚೆನ್ನಾಗಿ ನಡೆಯುತ್ತದೆ. ಬಜೆಟ್ ಹಾಕುವಾಗ ಇದು ನೆನಪಿರಲಿ.

ಹೊಸದಾಗಿ ಅಸೆಂಬಲ್ ಮಾಡಿಸುವವರು ಎಸ್‌ಎಂಪಿಎಸ್‌ಗೆ ಕಂಜೂಸಿ ಮಾಡಬೇಡಿ, ಯುಪಿಎಸ್ ಇಲ್ಲದೆ ಪ್ಲಗ್ ಹಾಕಬೇಡಿ. ಕುರ್ಚಿ ಎರಡು ಕೊಳ್ಳಿ. ನನ್ನದನ್ನು ಸದ್ಯ ಮಾರುವುದಿಲ್ಲ. ಗುಮ್ಮಟದ ನಾಲ್ಕು ಮೂಲೆಯ ಗೋಪುರಗಳಲ್ಲಿ ಮೂರು ಮುಗಿದಿವೆ. ನಾಲ್ಕನೆಯದು ಐದನೇ ಅಂತಸ್ತಿಗೆ ಬಂದಿದೆ, ಇನ್ನೂ ಎರಡು ಬಾಕಿ.