ಅಮೆರಿಕದ ಸಂವಿಧಾನ ತಿದ್ದುಪಡಿ: ಕಾಂಗ್ರೆಸ್ ದಾರಿಯೋ, ರಾಜ್ಯಗಳ ಸಮಾವೇಶವೋ?

ಅಮೆರಿಕದಲ್ಲಿ ಮತ ಹಾಕುವ ನೀವು ಒಂದು ತಿದ್ದುಪಡಿಗಾಗಿ ಓಡಾಡಬೇಕೆಂದಿದ್ದರೆ, ಯಾರ ಬೆನ್ನು ಹತ್ತಬೇಕು? ವಾಷಿಂಗ್ಟನ್ನಿನ ಸಂಸದರನ್ನೋ, ನಿಮ್ಮ ರಾಜ್ಯದ ಶಾಸಕರನ್ನೋ? ಸಂವಿಧಾನದ 5ನೇ ವಿಧಿ ಎರಡಕ್ಕೂ ಅವಕಾಶ ಕೊಟ್ಟಿದೆ. (ನಮ್ಮ 368ನೇ ವಿಧಿಯಲ್ಲಿ ಹಾಗಿಲ್ಲ, ತಿದ್ದುಪಡಿ ಮಸೂದೆ ಸಂಸತ್ತಿನಲ್ಲೇ ಹುಟ್ಟಬೇಕು.)

ಕಾಂಗ್ರೆಸ್ಸಿನದು, ಅಂದರೆ ಅಲ್ಲಿನ ಸಂಸತ್ತಿನದು, ಸವೆದ ದಾರಿ. ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬಿದ್ದರೆ ಪ್ರಸ್ತಾಪ ರಾಜ್ಯಗಳ ಒಪ್ಪಿಗೆಗೆ ಹೊರಟಿತು, ಅಧ್ಯಕ್ಷರ ಸಹಿಯೂ ಬೇಡ. ಈವರೆಗಿನ 27 ತಿದ್ದುಪಡಿಗಳೂ ಹೊರಟಿದ್ದು ಹೀಗೇ. ಆದರೆ ಸಂಸದರ ಅವಧಿಗೇ ಮಿತಿ ಹಾಕುವಂಥ ವಿಷಯವನ್ನು ಸಂಸದರು ಯಾಕೆ ಎತ್ತಿಕೊಂಡಾರು?

ತಿದ್ದುಪಡಿ ಸೂಚಿಸಲೆಂದೇ ಸೇರುವ ಸಮಾವೇಶದ ದಾರಿ ಇರುವುದು ಅದಕ್ಕೇ. 34 ರಾಜ್ಯಗಳ ಶಾಸನಸಭೆಗಳು ಅರ್ಜಿ ಹಾಕಿದರೆ ಕಾಂಗ್ರೆಸ್ ಅದನ್ನು ಕರೆಯಲೇಬೇಕು. ಇದುವರೆಗೆ ಒಂದೂ ನಡೆದಿಲ್ಲ. ರಾಜ್ಯಕ್ಕೆಷ್ಟು ಮತ, ಹಳೆಯ ಅರ್ಜಿ ಲೆಕ್ಕಕ್ಕಿದೆಯೇ, ಕರೆದ ವಿಷಯ ಬಿಟ್ಟು ಬೇರೆಯದಕ್ಕೆ ಕೈಹಾಕಿದರೆ ತಡೆಯುವವರಾರು? ವಿಧಿಯಲ್ಲಿ ಒಂದಕ್ಕೂ ಉತ್ತರವಿಲ್ಲ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಹಳೆಯ ಒಪ್ಪಂದ ತಿದ್ದಲು ಸೇರಿದವರು ಹೊಸ ಸಂವಿಧಾನವನ್ನೇ ಬರೆದು ಎದ್ದರು. ಹೆದರುವವರು ಬೊಟ್ಟು ಮಾಡುವುದು ಅಲ್ಲಿಗೇ. ನನಗೆ ಆ ಭಯ ತುಸು ಅತಿ ಅನ್ನಿಸುತ್ತದೆ: ಯಾವ ದಾರಿಯಲ್ಲಿ ಬಂದರೂ 38 ರಾಜ್ಯ ಒಪ್ಪದೆ ಒಂದಕ್ಷರವೂ ಬದಲಾಗದು.

ಸಮಾವೇಶ ನಡೆಯದಿದ್ದರೂ ಅರ್ಜಿಗೆ ಬೆಲೆಯುಂಟು. ಸೆನೆಟರುಗಳನ್ನು ಜನರೇ ಆರಿಸಲಿ ಎಂದು ರಾಜ್ಯಗಳ ಅರ್ಜಿ ಸಾಲುಗಟ್ಟಿದಾಗ ಕಾಂಗ್ರೆಸ್ ತಾನೇ ಪ್ರಸ್ತಾಪ ತಂದಿತು. 1913ರಲ್ಲಿ ಅದು 17ನೇ ತಿದ್ದುಪಡಿಯಾಯಿತು. ಹಾಗಾಗಿ ವಿಷಯ ಕಾಂಗ್ರೆಸ್ಸಿಗೇ ಕಹಿಯಾಗಿದ್ದರೆ ಮೊದಲು ರಾಜ್ಯದ ಶಾಸಕರ ಬಾಗಿಲು ತಟ್ಟಿ, ಇಲ್ಲವಾದರೆ ನೇರ ವಾಷಿಂಗ್ಟನ್.