ಜ್ವಾಲಾಮುಖಿ ಕಿಟ್: ನೊರೆ ಚಂದ, ಗುಡ್ಡ ಹುಟ್ಟೂದು ಕಾಣೂದಿಲ್ಲ

ಆರನೇ ಇಯತ್ತೆ ಓದೋ ಮೊಮ್ಮಗಳಿಗಂತ ಧಾರವಾಡ ಮಾರ್ಕೆಟ್‌ನಾಗ 480 ರೂಪಾಯಿಗೆ ತಂದೆ. ಒಳಗ ಪ್ಲಾಸ್ಟಿಕ್ ಅಚ್ಚು, ಪ್ಲಾಸ್ಟರ್ ಪುಡಿ, ಅಡುಗೆ ಸೋಡಾ, ಕೆಂಪು ಬಣ್ಣ, ಬ್ರಷ್ ಅದಾವ. ವಿನೆಗರ್ ನಾವಽ ತರಬೇಕು. ಅಚ್ಚು ಗಟ್ಟಿಮುಟ್ಟು ಐತಿ. ನೊರೆ ಉಕ್ಕಿದಾಗ ಹುಡುಗಿ ಕುಣಿದಾಡಿದ್ಲು.

ಆಮ್ಯಾಲೆ ಕೇಳಿದ್ಲು, "ಅಜ್ಜಾ, ಗುಡ್ಡ ಹಿಂಗ ಚೂಪ ಯಾಕ ಆಗ್ತೈತಿ?"

ಡಬ್ಬಿಯೊಳಗಿನ ಚೀಟಿಯಾಗ ಇದಕ್ಕ ಉತ್ತರ ಇಲ್ಲ. ಅಚ್ಚು ಮೊದಲಽ ಶಂಕುವಿನ ಆಕಾರದಾಗ ಇದ್ರ ಕೂಸಿಗೆ ಏನು ತಿಳೀಬೇಕು? ನಾನು ಜೋಳದ ಚೀಲ ತಂದು ಒಂದಽ ಜಾಗಕ್ಕ ಸಣ್ಣಗ ಸುರುವಿದೆ. ರಾಶಿ ಏರ್ತೈತಿ, ಕಾಳು ಜಾರ್ತಾವ, ಇಳಿಜಾರು ಮಾತ್ರ ಹಂಗಽ ಉಳೀತೈತಿ. ಜ್ವಾಲಾಮುಖಿ ಬಾಯಿಂದ ಚಿಮ್ಮಿದ ಹರಳೂ ಸುತ್ತ ಬಿದ್ದು ಸುಮಾರು 30ರಿಂದ 35 ಡಿಗ್ರಿ ಇಳಿಜಾರಿನಾಗ ನಿಲ್ತಾವ. ಮೆಕ್ಸಿಕೋದ ಪಾರಿಕುಟಿನ್ ಜ್ವಾಲಾಮುಖಿ 1943ರ ಫೆಬ್ರವರಿ 20ಕ್ಕ ಒಬ್ಬ ರೈತನ ಗೋವಿನಜೋಳದ ಹೊಲದಾಗ ಹುಟ್ಟಿ, ಒಂದಽ ವರ್ಷದಾಗ 300 ಮೀಟರ್ ದಾಟಿತು, 1952ಕ್ಕ ಆರಿತು. ಜಪಾನಿನ 3,776 ಮೀಟರ್ ಎತ್ತರದ ಫ್ಯೂಜಿ ಬ್ಯಾರೆ ನಮೂನಿ. ಅಲ್ಲಿ ಬೂದಿ, ಲಾವಾ ಪದರಿನ ಮ್ಯಾಲೆ ಪದರಾಗಿ ಕೂತಾವ.

ಚೀಟಿಯಾಗ ಒಂದು ತಪ್ಪೂ ಐತಿ: ಲಾವಾ ಹರಿದಲ್ಲೆಲ್ಲಾ ಇಂಥಾ ಗುಡ್ಡ ಏಳ್ತಾವಂತ. ನಮ್ಮ ಬೆಳಗಾವಿ ಕಡೆ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದ ನೆಲದ ಬಿರುಕಿನಿಂದ ಬಂದ ಲಾವಾ. ನೀರಿನಂಗ ತೆಳ್ಳಗ ದೂರ ಹರೀತು. ಅದಕ್ಕಽ ಅಲ್ಲಿ ತಲಿ ಚಪ್ಪಟೆ ಇರೋ ಗುಡ್ಡ, ಶಂಕು ಅಲ್ಲ.

ಐದಕ್ಕ ಮೂರು ಚುಕ್ಕಿ. ತಗೊಳ್ಳೋರು ಜೋಡಿಗೆ ಒಂದು ಸೇರು ಜೋಳ ಇಟ್ಕೋರಿ.