ನನ್ನ ಜಗ್ಗಿನ ಹಿಡಿಕೆ ಕಾಪಾಡಿಕೊಟ್ಟ ವಕೀಲರು

ಬಳ್ಳಿಯಂತೆ ತಿರುಚಿದ ಈ ಹಿಡಿಕೆ ರೂಪಿಸಲು ನನಗೆ ಎಂಟು ತಿಂಗಳು ಹಿಡಿಯಿತು. ಅದನ್ನು ಯಾರೂ ನಕಲು ಮಾಡಬಾರದು ಅಂತ ಈ ವಕೀಲರ ಬಳಿ ಹೋದೆ. ಅವರ ಮೊದಲ ಪ್ರಶ್ನೆ: "ಇದರ ಫೋಟೋ ಎಲ್ಲಾದರೂ ಹಾಕಿದ್ದೀರಾ?" ಪುಣ್ಯಕ್ಕೆ ಹಾಕಿರಲಿಲ್ಲ. ಮೊದಲೇ ಹೊರಗೆ ತೋರಿಸಿದರೆ ಹೊಸತು ಅನ್ನುವ ಹಕ್ಕೇ ಹೋಗಿಬಿಡಬಹುದು.

ಅವರು ವಿವರಿಸಿದ್ದು ಹೀಗೆ: ಕೆಲಸ ಮಾಡುವ ರೀತಿಗೆ ಪೇಟೆಂಟ್, ನೋಟಕ್ಕೆ ಡಿಸೈನ್ ನೋಂದಣಿ. ಆಕಾರ ನೋಡಿಯೇ ಜನ ತಯಾರಕರನ್ನು ಗುರುತಿಸಿದರೆ ಟ್ರೇಡ್‌ಮಾರ್ಕ್. ಕೋಕಾ-ಕೋಲಾ ಬಾಟಲಿಗೆ ಅಮೆರಿಕದಲ್ಲಿ 1915ರಲ್ಲಿ ಡಿಸೈನ್ ಪೇಟೆಂಟ್ (ನೋಟದ ಹಕ್ಕಿಗೆ ಅಲ್ಲಿನ ಹೆಸರು) ಸಿಕ್ಕಿತು. 1960ರಲ್ಲಿ ಆ ಆಕಾರವೇ ಟ್ರೇಡ್‌ಮಾರ್ಕ್ ಆಯಿತು. ಆದರೆ ಲೆಗೋ ಆಟಿಕೆ ಇಟ್ಟಿಗೆಯ ಆಕಾರಕ್ಕೆ ಟ್ರೇಡ್‌ಮಾರ್ಕ್ ಕೊಡಲು 2010ರಲ್ಲಿ ಯುರೋಪಿನ ನ್ಯಾಯಾಲಯ ಒಪ್ಪಲಿಲ್ಲ. ಅದರ ಗುಬಟುಗಳು ಇರುವುದೇ ಜೋಡಿಸುವ ಕೆಲಸಕ್ಕೆ, ಅಲ್ವಾ? ಇಷ್ಟು ಸರಳವಾಗಿ ನನಗೆ ಯಾರೂ ಹೇಳಿರಲಿಲ್ಲ.

ಡಿಸೈನ್ ಅರ್ಜಿಗೆ ಅವರು ಮಾಡಿಸಿದ ಚಿತ್ರಗಳಂತೂ ತುಂಬಾ ಅಚ್ಚುಕಟ್ಟು. ಆರೂ ಬದಿಯ ನೋಟ, ಜೊತೆಗೆ ಓರೆಯದೊಂದು. ಹಿಡಿಕೆಗೆ ಗಟ್ಟಿ ಗೆರೆ, ಜಗ್ಗಿಗೆ ತುಂಡು ತುಂಡು ಗೆರೆ. ಅಂದರೆ ಹಕ್ಕು ಕೇಳುತ್ತಿರುವುದು ಹಿಡಿಕೆಗೆ ಮಾತ್ರ. ನನ್ನ ಹಿಡಿಕೆಯನ್ನೇ ಬೇರೆ ಪಾತ್ರೆಗೆ ಅಂಟಿಸಿ ತಪ್ಪಿಸಿಕೊಳ್ಳುವುದು ಕಷ್ಟ. ಈ ಒಂದು ಸಲಹೆಗೇ ಫೀಸು ಸಾರ್ಥಕ ಅನ್ನಿಸಿತು.

ಒಂದೇ ಬೇಸರ. ಹೊರದೇಶಗಳಿಗೆ ಬೇರೆ ಅರ್ಜಿ ಬೇಕು, ಅದಕ್ಕೆ ಗಡುವು ಆರೇ ತಿಂಗಳು ಅಂತ ತಡವಾಗಿ ಹೇಳಿದರು. ನೀವು ಹೋದರೆ ಮೊದಲ ದಿನವೇ ಕೇಳಿ.